ತಡವರಿಸದ ಮಾತು

ಮಾರ್ಚ್ 4, ಸೋಮವಾರ. ಸಂಜೆ

ಇವತ್ತೂ ಹೆಡ್‌ಫೋನ್ ಸಿಕ್ಕಿಸಿಕೊಂಡೇ ದಿನ ಮುಗಿಯಿತು. ಯಂತ್ರದ ಮಾತು, ಮನುಷ್ಯನ ಮಾತು – ಎರಡನ್ನೂ ಕಲಸಿ ಕೇಳಿಸುತ್ತೇವೆ. ಕೇಳುವವರು ಪ್ರತಿ ವಾಕ್ಯಕ್ಕೂ ಐದರಲ್ಲಿ ಅಂಕ ಹಾಕಬೇಕು. ಪ್ರಶ್ನೆ ಒಂದೇ: ಎಷ್ಟು ಸಹಜವಾಗಿದೆ? ಹೊಸ ಯಂತ್ರ ಒಂದು ತಪ್ಪೂ ಮಾಡುವುದಿಲ್ಲ. ಅದಕ್ಕೇ ಅಂಕ ಬೀಳುತ್ತಿಲ್ಲ. ಈಗ ಅದರ ಬಾಯಿಗೆ 'ಅದೂ...', 'ಅಂದ್ರೆ...' ತುರುಕುತ್ತಿದ್ದೇವೆ. ನಡುನಡುವೆ ಉಸಿರು. ತೊದಲುವುದನ್ನು ಕಲಿಸಲು ನಾಲ್ಕು ಜನ ಪಿಎಚ್.ಡಿ. ಮಾಡಿದವರು!

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಶುರು. "ಇವತ್ತು ಸೆಮಿನಾರ್ ಚೆನ್ನಾಗಿತ್ತು. ಪ್ರಶ್ನೆಗಳು ತುಂಬಾ ಬಂದವು. ನಿನ್ನ ದಿನ ಹೇಗಿತ್ತು?" ಒಂದೇ ಉಸಿರಿಗೆ. ಕೆಲವು ವಾರಗಳಿಂದ ಹೀಗೇ.

ಮದುವೆಯಾದಾಗಿನಿಂದ ಈ ಮನುಷ್ಯ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಿದವನಲ್ಲ. ಅರ್ಧ ಹೇಳಿ ಇನ್ನೊಂದಕ್ಕೆ ಹಾರುತ್ತಿದ್ದ, ಕನ್ನಡಕ ಹುಡುಕುತ್ತಾ ಮೂರನೆಯದನ್ನು ಶುರು ಮಾಡುತ್ತಿದ್ದ. ಭೌತಶಾಸ್ತ್ರದ ಮೇಷ್ಟ್ರು ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದೆ. ಇವತ್ತಿನ ಮಾತಿಗೆ ಅಂಕ ಹಾಕುವುದಾದರೆ ಎರಡೂವರೆ. ಕಸುಬಿನ ಚಾಳಿ... ಮನೆಯೊಳಗೂ ಬಿಡುವುದಿಲ್ಲ.

ಮಾರ್ಚ್ 6, ಬುಧವಾರ

ದೂರದ ಊರಿನ ದೊಡ್ಡ ಲ್ಯಾಬಿನಿಂದ ಮೇಲ್. ಎರಡು ವರ್ಷದ ಕೆಲಸ. ನನ್ನದೇ ತಂಡ. ಮುಂದಿನ ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕು. ಊಟದ ಹೊತ್ತಿಗೆ ಹೇಳಿದೆ. ಇವನು ಎದ್ದು ಬಚ್ಚಲಿಗೆ ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಹರಿಯಿತು. ಹೊರಗೆ ಬಂದು ಹೇಳಿದ:

"ಹೋಗು. ಇಂಥ ಅವಕಾಶ ಮತ್ತೆ ಬರಲ್ಲ. ನನ್ನ ಬಗ್ಗೆ ಯೋಚನೆ ಮಾಡಬೇಡ."

ಅಷ್ಟೇ. ಒಂದು 'ಅಯ್ಯೋ' ಇಲ್ಲ. 'ನನ್ನ ಗತಿ ಏನೇ' ಅನ್ನುವ ತಮಾಷೆಯಾದರೂ ಬೇಡವಾ? ಬೇಜಾರಾಯಿತು. ಸುಳ್ಳು ಯಾಕೆ, ಅಳು ಬಂತು.

ಮಾರ್ಚ್ 10, ಭಾನುವಾರ

ನಾದಿನಿ ಬಂದಿದ್ದಳು. ಕಾಡಿನ ಸಂಶೋಧನೆ ಮಾಡುವವಳು. ಬೂಟಿನ ಮಣ್ಣೆಲ್ಲ ನಮ್ಮ ಹಾಲ್‌ನಲ್ಲಿ. ಅಣ್ಣತಂಗಿ ಸೇರಿದರೆ ಜಗಳ ಗ್ಯಾರಂಟಿ – ಅವಳ ಕಾಡಿನ ಸಹಜತೆ ದೊಡ್ಡದೋ, ಇವನ ಭೌತಶಾಸ್ತ್ರದ ಲೆಕ್ಕದ ಸಹಜತೆ ದೊಡ್ಡದೋ ಅಂತ. ಇವತ್ತೂ ಕೆಣಕಿದಳು.

"ಏನಣ್ಣ, ನಿಮ್ಮ ಲೆಕ್ಕ ಇನ್ನೂ ಸಹಜ ಆಗಲಿಲ್ವಾ?"

"ಕೆಲಸ ನಡೀತಾ ಇದೆ. ನೀನು ಊಟ ಮಾಡು." ಇಷ್ಟು ಹೇಳಿ ನೀರು ತರುವ ನೆಪದಲ್ಲಿ ಎದ್ದು ಹೋದ.

ಅವಳಿಗೆ ಆಶ್ಚರ್ಯ. "ಇದೇನು ಅತ್ತಿಗೆ, ಒಂದು ಗಂಟೆ ಕೊರೀತಿದ್ದವನು! ಅವನ ಪಾಠ ನನಗೇ ಬಾಯಿಗೆ ಬಂದುಬಿಟ್ಟಿದೆ. ಭಾರೀ ದೊಡ್ಡ ಎರಡು ಸಂಖ್ಯೆ ಒಂದನ್ನೊಂದು ಹೊಡೆದುಹಾಕಿ ಕೂದಲೆಳೆಯಷ್ಟು ಉಳೀತು ಅನ್ನಿ. ಅದು ಸಹಜ ಅಲ್ವಂತೆ, ಸುಮ್ಮನೆ ಹಾಗಾಯ್ತು ಅಂತ ಇವರು ಒಪ್ಪಲ್ಲ. ಹಿಂದೆ ಯಾರೋ ಏನೋ ತಿರುವಿದ್ದಾರೆ ಅಂತ ಅನುಮಾನ."

"ನಿಮ್ಮ ಕಾಡಿನಲ್ಲಿ?"

"ನಮ್ಮದು ಇನ್ನೂ ಸುಲಭ. ಕೊಳೆತ ಮರ ಬಿದ್ದಿರಬೇಕು, ಬಳ್ಳಿ ಕಾಲಿಗೆ ತೊಡರಬೇಕು. ನೀಟಾಗಿದ್ರೆ ಅದು ಸಹಜ ಕಾಡಲ್ಲ. ಯಾರೋ ಗುಡಿಸಿದ್ದಾರೆ ಅಂತ ಅರ್ಥ."

ಇವನ ಮಾತನ್ನೂ ಯಾರೋ ಗುಡಿಸಿದ್ದಾರೆ. ಏನನ್ನು ಮುಚ್ಚಲು?

ಮಾರ್ಚ್ 13, ಬುಧವಾರ

ಲಿಫ್ಟ್ ಹತ್ತಿರ ವಾಚ್‌ಮನ್ ಸಿಕ್ಕ. ನಾನು ಕೇಳದೆಯೇ ಹೇಳಿದ. "ಸಾರ್ ಆಗಲೇ ಬಂದ್ರಲ್ಲ ಮೇಡಂ. ಕೆಳಗೆ ಗಾಡೀಲೇ ಕೂತಿದ್ದಾರೆ. ದಿನಾ ಹಾಗೇ, ಫೋನಲ್ಲಿ ಮಾತಾಡ್ತಾ ಇರ್ತಾರೆ."

ದಿನಾ!

ಮನೆಯಲ್ಲಿ ಕಾದೆ. ಅರ್ಧ ಗಂಟೆ ಬಿಟ್ಟು ಮೇಲೆ ಬಂದ. "ಟ್ರಾಫಿಕ್ ಜಾಸ್ತಿ ಇತ್ತು. ನೀನು ಕಾಯ್ತಾ ಇದ್ದೆಯಾ?" ಮುಖ ನೋಡಿದೆ. ಕಣ್ಣು ತಪ್ಪಿಸಿದ. ಸರಿ, ಎಲ್ಲ ತಾಳೆಯಾಯಿತು. ನನ್ನನ್ನು ಸಾಗಹಾಕಲು ಯಾಕಿಷ್ಟು ಉತ್ಸಾಹ ಅಂತಲೂ ತಿಳಿಯಿತು. ಯಾರಿರಬಹುದು? ಅವನ ಡಿಪಾರ್ಟ್‌ಮೆಂಟಿನವಳಾ?

ಮಾರ್ಚ್ 14, ಗುರುವಾರ

ಒಪ್ಪಿಗೆ ಕಳಿಸಿಬಿಟ್ಟೆ. ಹೊಟ್ಟೆ ಉರಿದುಕೊಂಡು ಕಳಿಸಿದ್ದು. ಇವನಿಗೆ ಹೇಳಿದರೆ – "ತುಂಬಾ ಸಂತೋಷ. ಯಾವಾಗ ಹೊರಡಬೇಕು?"

"ಅಷ್ಟು ಆತುರವಾ ನಿನಗೆ?" ಅಂದೆ.

ಬಾಯಿ ತೆರೆದ. ಮುಚ್ಚಿದ. ನಕ್ಕ. ಆ ನಗು ನೋಡಿ ಮೈಯೆಲ್ಲ ಉರಿಯಿತು. ಇನ್ನು ಬರೆಯಲಾರೆ.

ಮಾರ್ಚ್ 20, ಬುಧವಾರ

ನೋಡಿದೆ. ಕೇಳಿಸಿಕೊಂಡೆ.

ಸಂಜೆ ಬೇಗ ಬಂದು ಬೇಸ್‌ಮೆಂಟಿನ ಕಂಬದ ಹಿಂದೆ ನಿಂತೆ. ಈ ವಯಸ್ಸಿಗೆ, ಕಳ್ಳಿಯ ಹಾಗೆ. ಕಾರು ಬಂತು. ಇವನು ಇಳಿಯಲಿಲ್ಲ. ಗಾಜು ಅರ್ಧ ಇಳಿದಿತ್ತು. ಮಾತು ಶುರುವಾಯಿತು. ಹೆಸರು ಸಿಕ್ಕರೆ ಸಾಕು ಅಂತ ಕಿವಿ ಚುರುಕು ಮಾಡಿಕೊಂಡೆ.

"ಇವತ್ತು ಮಳೆ ಬರೋ ಹಾಗಿತ್ತು. ಅದಕ್ಕೇ ತಗೊಂಡು ಹೋಗಿದ್ದೆ... ಅದು... ಹಿಡಿಯೋದು..."

ನಿಲ್ಲಿಸಿದ. ಮತ್ತೆ ಮೊದಲಿನಿಂದ. "ಇವತ್ತು ಮಳೆ ಬರೋ ಹಾಗಿತ್ತು. ಅದಕ್ಕೇ ತಗೊಂಡು ಹೋಗಿದ್ದೆ..." ಮತ್ತೆ ಅಲ್ಲೇ. ಸ್ಟೀರಿಂಗಿಗೆ ಅಂಗೈಯಿಂದ ಒಂದು ಏಟು. ಮೆಲ್ಲಗೆ ಹತ್ತಿರ ಹೋಗಿ ಇಣುಕಿದೆ. ಫೋನು ಪಕ್ಕದ ಸೀಟಿನಲ್ಲಿ ಬೋರಲು ಬಿದ್ದಿತ್ತು. ಆ ಕಡೆ ಕೇಳುವವರು ಯಾರೂ ಇರಲಿಲ್ಲ. ಕೊಡೆ ಅವನ ತೊಡೆಯ ಮೇಲೇ ಇತ್ತು. ಅದನ್ನೇ ನೋಡುತ್ತಿದ್ದ, ಹೆಸರು ಮಾತ್ರ ಬರುತ್ತಿರಲಿಲ್ಲ.

ಮೆಟ್ಟಿಲು ಹತ್ತಿ ಓಡಿ ಬಂದೆ. ಮುಖ ತೊಳೆದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು.

"ಇವತ್ತು ಮಳೆ ಬರೋ ಹಾಗಿತ್ತು. ಕೊನೆಗೂ ಬರಲಿಲ್ಲ. ಕಾಫಿ ಮಾಡಲಾ?"

ಕೊಡೆಯನ್ನು ಮಾತಿನಿಂದಲೇ ತೆಗೆದುಹಾಕಿದ್ದ. ಎಷ್ಟು ನೀಟಾಗಿ!

ಮಾಡು ಅಂದೆ.

ಮಾರ್ಚ್ 21, ಗುರುವಾರ

ರಜೆ ಹಾಕಿದೆ. ಅವನಿಗೂ ಹಾಕಿಸಿದೆ. ಕೇಳಿಯೇಬಿಟ್ಟೆ.

ಮೊದಲು ಕೋಪ ಮಾಡಿಕೊಂಡ. ಆಮೇಲೆ ಕುರ್ಚಿಯಲ್ಲಿ ಕುಸಿದ. ಚಳಿಗಾಲದಿಂದ ಹೀಗಂತೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ವೃತ್ತ ಬರೆದು, ಅದನ್ನು ಏನನ್ನುತ್ತಾರೆ ಅಂತ ಮರೆತು ನಿಂತನಂತೆ. ಹುಡುಗರು ತಮಾಷೆ ಅಂತ ನಕ್ಕರಂತೆ. ಅವತ್ತಿನಿಂದ ಪ್ರತಿ ಮಾತನ್ನೂ ಮೊದಲೇ ಜೋಡಿಸಿಕೊಂಡು, ಆಡಿ ನೋಡಿ, ಆಮೇಲೆ ಮನೆಯೊಳಗೆ ಬರುತ್ತಿದ್ದಾನೆ.

"ಬೇರೆಯವರ ಹತ್ರ ಹೇಗೋ ಸಾಗುತ್ತೆ. ನೀನು... ನಿನ್ನ ಕೆಲಸವೇ ಕೇಳೋದು. ಒಂದು ಕಡೆ ತಡವರಿಸಿದ್ರೂ ಹಿಡಿದುಬಿಡ್ತೀಯ ಅಂತ..."

ತಡವರಿಸಿದ್ದರೆ ನನಗೆ ಅನುಮಾನವೇ ಬರುತ್ತಿರಲಿಲ್ಲವಲ್ಲೋ, ಮಹಾರಾಯ! ಕಿವಿ ಸರಿಯಾಗಿಯೇ ಕೇಳಿತ್ತು. ಬುದ್ಧಿ ಹೊಲಸಿನ ಕಡೆ ಓಡಿತು.

"ಡಾಕ್ಟರು?"

"ನೀನು ಹೊರಟ ಮೇಲೆ ಹೋಗೋಣ ಅಂತಿದ್ದೆ. ಅವರು ಏನಂತಾರೋ... ಅದನ್ನ ನೀನು ಕೇಳಿಸ್ಕೊಳ್ಳೋದು ಬೇಡ. ಅದಕ್ಕೇ ಹೋಗು ಅಂದಿದ್ದು. ಅದೊಂದು ಮಾತನ್ನ ಬಚ್ಚಲಲ್ಲಿ ನಿಂತು ಎಷ್ಟು ಸಲ ಹೇಳ್ಕೊಂಡೆ ಗೊತ್ತಾ?"

ಎಂಥ ಸ್ವಾರ್ಥಿ ನೀನು ಅಂತ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಕೈ ಹಿಡಿದುಕೊಂಡೆ. ಅವನು ತುಂಡುತುಂಡಾಗಿ ಹೇಳಿದ:

"ಭಯ... ಭಯ ಆಗ್ತಿದೆ ಕಣೇ. ಪಾಠ ಹೋದ್ರೆ ಹೋಗ್ಲಿ. ನೀನು ಎದುರಿಗೆ ಬಂದು ನಿಂತಾಗ... ನಿನ್ನ ಹೆಸರೂ..." ಮುಗಿಸಲಿಲ್ಲ.

ಮಾರ್ಚ್ 22, ಶುಕ್ರವಾರ. ಬೆಳಿಗ್ಗೆ

ಬರಲಾಗುವುದಿಲ್ಲ ಅಂತ ಆ ಲ್ಯಾಬಿಗೆ ಬರೆದೆ. ಕಾರಣ ಕೊಡಲಿಲ್ಲ. ಬೇಜಾರಿಲ್ಲ ಅಂದರೆ ಸುಳ್ಳಾದೀತು. ಇದೆ. ಬೇಕಾದಷ್ಟಿದೆ.

ಹತ್ತಕ್ಕೆ ಡಾಕ್ಟರು. ಇವನು ಹೊರಡಲು ರೆಡಿಯಾಗುತ್ತಿದ್ದಾನೆ. ಯಾವುದನ್ನೂ ಜೋಡಿಸಿಕೊಂಡು ಮಾತಾಡಬಾರದು, ಬಂದ ಹಾಗೆ ಬರಲಿ ಅಂತ ಕರಾರು ಮಾಡಿಸಿದ್ದೇನೆ. ಬೆಳಿಗ್ಗೆಯಿಂದ ನಾಲ್ಕೈದು ಸಲ ಸಿಕ್ಕಿಹಾಕಿಕೊಂಡ. ಒಂದು ಸಲ ಇಬ್ಬರೂ ನಕ್ಕೆವು.

ಒಳಗಿನಿಂದ ಕರೆಯುತ್ತಿದ್ದಾನೆ. "ಏ... ಇಲ್ಲಿ ಬಾರೇ... ಎಲ್ಲಿದೆ ಅದು..." ಬೀರು ತೆಗೆದು ಮುಚ್ಚುವ ಸದ್ದು. ಏನೋ ಸಿಗುತ್ತಿಲ್ಲ. ವಸ್ತುವೋ, ಅದರ ಹೆಸರೋ, ಇಲ್ಲಿಂದ ತಿಳಿಯುತ್ತಿಲ್ಲ. ಮತ್ತೆ ಕರೆದ. ಈ ಸಲ ಹೆಸರು ಹಿಡಿದು ಕರೆಯಲು ಹೊರಟಂತಿದೆ, ಮೊದಲ ಅಕ್ಷರ ಬಂತು, ತಡಿ, ಎದ್ದು ಹೋಗುವುದಿಲ್ಲ, ಪೂರ್ತಿ ಕರೆಯಲಿ, ಅಲ್ಲಿಯವರೆಗೆ ನಾನು ಇಲ್ಲೇ ಬರೆಯುತ್ತಾ...