ಅದು ಚೆರೆಡಾ ಅಲ್ಲ

ಜಬಲೋತ್ಯೆ, ಪಿನ್ಸ್ಕ್ ಬಳಿ
೧೮ ಜುಲೈ ೧೯೭೪

ಮಗಳೇ ಸ್ತೇಫಾ,

ನಾನು ಗಟ್ಟಿಯಾಗಿದ್ದೇನೆ, ಮೊಣಕಾಲು ಮಾತ್ರ ತಾನು ಹೇಳಿದ್ದೇ ನಡೆಯಬೇಕೆನ್ನುತ್ತದೆ. ನೀವು ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತೆಂದು ಬೇಸರಿಸಬೇಡ, ಜೌಗಿನಲ್ಲಿ ಗಿಡ ಮೊಗ್ಗು ಬಿಡುವ ತನಕ ಕಾಯಬೇಕಿತ್ತು. ನನ್ನ ತಂತಿ ನೋಡಿ ಹೆದರಿದೆಯೋ ಏನೋ. "ಅದಲ್ಲ, ಎಸೆದುಬಿಡು" ಎಂದು ಬರೆಸಿದಾಗ ಅಂಚೆಮನೆಯ ಹುಡುಗಿ, "ಯಾರನ್ನ ಎಸೀಬೇಕು ಅಜ್ಜಿ, ಗಂಡನ್ನಾ?" ಎಂದು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. "ಎಸೆದೆ" ಎಂಬ ನಿನ್ನ ತಂತಿ ಬರುವವರೆಗೆ ಬೇಯಿಸಿದ ಆಲೂಗಡ್ಡೆಯನ್ನೂ ಮುಟ್ಟಲಿಲ್ಲ.

ಕೂಸಿನ ಸ್ನಾನದ ನೀರಿಗೆ ಹಾಕುವ ಚೆರೆಡಾ ಸೊಪ್ಪು ಇದೇ ತಾನೆ ಎಂದು ನೀನು ಕಾಗದದೊಳಗೆ ಇಟ್ಟಿದ್ದ ತುಂಡನ್ನು ತಟ್ಟೆಯ ನೀರಲ್ಲಿ ನೆನೆಸಿ, ಬಿಡಿಸಿ ನೋಡಿದೆ. ಐದು ದಳದ ಹಳದಿ ಹೂ, ಎಣ್ಣೆ ಸವರಿದ ಹಾಗೆ ಹೊಳಪು, ನಡುವೆ ಹಸಿರು ಗುಬುಟು, ಊದುಕೊಳವೆಯಂಥ ಪೊಳ್ಳು ದಂಟು. ಅದನ್ನು ನಾವು ಉರಿಹೂ ಅನ್ನುತ್ತೇವೆ. ಹಸಿಯಾಗಿ ಉಜ್ಜಿದರೆ ದೊಡ್ಡವರ ಚರ್ಮವೇ ಬೊಬ್ಬೆ ಏಳುತ್ತದೆ, ಇನ್ನು ಎಳೆಗೂಸಿನ ಪಾಡೇನು! ನಿನ್ನ ಮಹಡಿಯಲ್ಲೇ ಇರುವ ನೆರೆಮನೆಯ ಹೆಂಗಸು ಅದೇ ಚೆರೆಡಾ ಎಂದು ಆಣೆ ಇಟ್ಟು ಹೇಳಿದಳಂತೆ. ಅವಳಿಗೆ ಹಳ್ಳದಲ್ಲಿ ಹಳದಿಯಾಗಿ ಕಂಡದ್ದೆಲ್ಲ ಚೆರೆಡಾ. ಎರಡೂ ಒಂದೇ ಕೆಸರಿನವು, ಎರಡೂ ವರ್ಷದೊಳಗೆ ಹುಟ್ಟಿ ಸಾಯುವವು, ನೀನು ಮೋಸಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಚೆರೆಡಾದ ಹೂವಿಗೆ ಚೆಲುವಿಲ್ಲ. ದಳಗಳೇ ಇರುವುದಿಲ್ಲ, ಮಾಸಿದ ಹಳದಿ ಗುಂಡಿ ಅಷ್ಟೆ. ಎಲೆ ಮೂರು ಸೀಳು, ಅಂಚು ಗರಗಸ, ದಂಟಿನ ಎರಡೂ ಕಡೆ ಎದುರುಬದುರು. ಬೀಜಕ್ಕೆ ಎರಡು ಹಲ್ಲು, ಲಂಗಕ್ಕೆ ಕಚ್ಚಿಕೊಂಡರೆ ಮನೆತನಕ ಬರುತ್ತದೆ. ಸ್ನಾನಕ್ಕಾದರೆ ಹೂ ಅರಳುವ ಮೊದಲೇ ತುದಿ ಚಿವುಟಬೇಕು. ಒಂದು ಹಿಡಿ ಕುದಿಸಿ, ಸೋಸಿ, ತೊಟ್ಟಿಯ ನೀರಿಗೆ ಸುರಿ. ಚಹಾದ ಬಣ್ಣ ಬರುತ್ತದೆ. ಸಾಬೂನು ಮುಟ್ಟಿಸಬೇಡ.

ಹೋದ ವಾರ ನಾನೇ ಹಳ್ಳಕ್ಕಿಳಿದು ಕಿತ್ತೆ. ಪಕ್ಕದ ಮನೆಯ ಮಾತ್ರುನಾ ಬಾತುಗಳನ್ನು ಹೊಡೆದುಕೊಂಡು ದಡಕ್ಕೆ ಬಂದಳು.

"ಯಾರ ಮೊಮ್ಮಗೂಂತ ಕೆಸರಲ್ಲಿ ನಿಂತಿದೀಯೇ? ನಿನ್ನ ಮಗ ಪಿಲಿಪ್ ಮಣ್ಣಿಗೆ ಹೋಗಿ ಐದು ವರ್ಷ ಆಯ್ತು. ಆ ಕೂಸು ನಿನ್ನ ಸೊಸೆಗೂ ಅವಳ ಹೊಸ ಗಂಡ ಆ ರಿಗೋರನಿಗೂ ಹುಟ್ಟಿದ್ದು. ನಿನಗೇನಾಗ್ಬೇಕು ಅದು?"

"ಕೆಸರಲ್ಲಿರೋದು ನನ್ನ ಕಾಲು, ನಿನಗ್ಯಾಕೆ ಚಳಿ?" ಎಂದೆ.

ಅವಳೇನೋ ಗೊಣಗುತ್ತ ಹೋದಳು. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ, ನನಗೂ ಗೊತ್ತು. ಪಿಲಿಪ್ ಹೋದ ಮೇಲೆ ಮೂರು ಚಳಿಗಾಲ ನೀನು ನನ್ನ ಜೊತೆಗಿದ್ದು ಒಲೆ ಉರಿಸಿದೆ. ಸಾಕು ಹೋಗು, ನಿನಗೂ ಒಂದು ಬದುಕಿದೆ ಎಂದು ಬಸ್ಸು ಹತ್ತಿಸಿದವಳು ನಾನೇ. ಅದಕ್ಕೆ ಇಂದಿಗೂ ಕೊರಗಿಲ್ಲ. ಕೂಸು ಹುಟ್ಟಿದ ಸುದ್ದಿ ಓದಿ ಒಬ್ಬಳೇ ಅತ್ತದ್ದು ನಿಜ, ಸಂತೋಷಕ್ಕೂ ಅತ್ತೆ, ಮತ್ತೊಂದಕ್ಕೂ ಅತ್ತೆ.

ಅಟ್ಟದ ನೆರಳಲ್ಲಿ ಒಣಗಿಸಿದ್ದನ್ನು ಗಂಟುಕಟ್ಟಿ ಕಳಿಸಿದ್ದೇನೆ, ಚಳಿಗಾಲಕ್ಕೂ ಸಾಲುತ್ತದೆ. ರಿಗೋರನಿಗೆ ನನ್ನ ನಮಸ್ಕಾರ ಹೇಳು. ಕೂಸಿಗೆ ಮೈ ನುಣುಪಾಗಲಿ, ನಿದ್ದೆ ಚೆನ್ನಾಗಿ ಹತ್ತಲಿ, ನಿನ್ನ ಮನೆ ಸದಾ ಬೆಚ್ಚಗಿರಲಿ.

ಇತಿ,
ಉಲ್ಯಾನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಪೆನ್ನು ಕೆಳಗಿಟ್ಟಿದ್ದೆ. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಅಮ್ಮಾ ಎನ್ನುತ್ತಿದ್ದೆ. ಈ ಸಲ ಕಾಗದದ ಮೊದಲ ಸಾಲಿನಲ್ಲೇ "ಮಾನ್ಯ ಉಲ್ಯಾನಾ ಪೆತ್ರೋವ್ನಾ ಅವರಿಗೆ" ಎಂದಿತ್ತು. ಇದು ಬೇರೆ ಯಾರಿಗೋ ಬಂದ ಕಾಗದವೇನೋ ಎಂದು ಲಕೋಟೆ ತಿರುಗಿಸಿ ನೋಡಿದೆ. ಈಗ ನಿನಗೆ ಇನ್ನೊಬ್ಬ ಅತ್ತೆ ಇದ್ದಾರೆ, ಅಮ್ಮ ಎಂಬುದು ಅವರಿಗೆ ಸಲ್ಲಬೇಕು, ಅದು ನ್ಯಾಯವೇ. ನನಗೆ ಬೇರೆ ಏನಾದರೂ ಹುಡುಕು. ಅಪ್ಪನ ಹೆಸರು ಹಚ್ಚಿದ ಆ ಪೆತ್ರೋವ್ನಾ ಮಾತ್ರ ಬೇಡ ಮಗಳೇ, ಹಾಗೆ ನನ್ನನ್ನು ಆಸ್ಪತ್ರೆಯ ಸಾಲಿನಲ್ಲಿ ಕೂಗುತ್ತಾರೆ.