ದುರ್ಯೋಧನನ ಕಿರೀಟ ಮನೆಯಲ್ಲಿಲ್ಲ

ಮೊಳಕಾಲ್ಮೂರು
೧೧ ನವೆಂಬರ್ ೨೦೨೪, ಸೋಮವಾರ

ಅಪ್ಪನಿಗೆ ನಿನ್ನ ಮಗಳ ನಮಸ್ಕಾರ. ಸಿಟ್ಟಿನಲ್ಲಿದ್ದೇನೆ, ಆದರೂ ನಮಸ್ಕಾರ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಕೂಡಿಸಿ ಕೂಡಿಸಿ ಓದುವವನು ಅಂತ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಾಟಕದ ಮಾತುಗಳನ್ನು ಓದಿ ಹೇಳಿದಂತೆ ಇದನ್ನು ಓದಿ ಹೇಳಲು ನಾನು ಅಲ್ಲಿಲ್ಲ.

ನಿನ್ನ ಸಿನಿಮಾ ನೋಡಲು ಅವ್ವ ರೇಷ್ಮೆ ಸೀರೆ ಉಟ್ಟು ಚಳ್ಳಕೆರೆಗೆ ಬಂದಳು. ರಾಜನ ಪಾತ್ರ ಅಂತಷ್ಟೇ ಹೇಳಿದ್ದೆ ನೀನು. ಆ ರಾಜ ಬಾಯಿ ತೆರೆದರೆ ಮೇಕೆ ಕೂಗುತ್ತದೆ ಅಂತ ಹೇಳಲಿಲ್ಲ. ರಾಂಪುರದ ನಾಟಕದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನಾಗಿ ನೀನು ತಾಯಿಯನ್ನು ಕರೆದಾಗ ಹಿಂದೆ ನಿಂತ ಗಂಡಸರೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಆ ದನಿಯನ್ನೇ ಕಿತ್ತುಹಾಕಿದ್ದಾರಲ್ಲ ಅಪ್ಪ. ಆಮೇಲೆ ಒಂದು ಕೋಳಿ ನಿನ್ನ ಪಂಚೆ ಎಳೆದುಕೊಂಡು ಓಡುತ್ತದೆ. ಅವ್ವ ಸೆರಗು ಮುಖಕ್ಕೆ ಮುಚ್ಚಿಕೊಂಡವಳು ಬಸ್ಸಿನಲ್ಲೂ ತೆಗೆಯಲಿಲ್ಲ.

ಸಿನಿಮಾಕ್ಕೆ ಅಂತ ಬೆಂಗಳೂರಿಗೆ ಹೋಗುವಾಗ ನೀನು ಹೇಳಿದ್ದು ನೆನಪಿದೆ. "ಅಳಿಸೋದು ನಂಗೆ ಬರ್ತೈತೆ ಕಣವ್ವ. ನಗ್ಸೋದು ಬರ್ತೈತೋ ಇಲ್ವೋ, ಒಂದ್ಸಲ ನೋಡ್ಬೇಕು." ನೋಡಿಯಾಯಿತಲ್ಲ? ಮತ್ತೆ ಎರಡನೆಯ ಸಿನಿಮಾಕ್ಕೂ ಯಾಕೆ ಒಪ್ಪಿಕೊಂಡೆ? ಅದರಲ್ಲಿ ಎಮ್ಮೆಗೆ ತಾಳಿ ಕಟ್ಟುವ ಮುದುಕನಂತೆ ನೀನು. ಕೇಳಿ ಕೇಳಿ ಸಾಕಾಗಿದೆ. ನಾನು ನೀರಿಗೆ ಹೋದರೆ ಹುಡುಗರು ಬ್ಯಾ ಅನ್ನುತ್ತಾರೆ.

ನಿನ್ನೆ ಹಾರ್ಮೋನಿಯಂ ಯರ್ರಪ್ಪ ಮೇಷ್ಟ್ರು ಕಿರೀಟ ಕೇಳಿಕೊಂಡು ಬಂದರು. ಹಿಂದೆ ನಿನ್ನ ಪಾತ್ರದ ಮೇಲೆ ಕಣ್ಣಿಟ್ಟ ಮಾರುತೇಶನೂ ಇದ್ದ, ಆಗಲೇ ಮೀಸೆ ತಿರುವಿಕೊಂಡು. ಕಿರೀಟ ಯಾರ ಮನೆಯಲ್ಲಿದೆಯೋ ದುರ್ಯೋಧನ ಅವರದು ಎಂಬ ನಮ್ಮ ಮೇಳದ ಕಟ್ಟಳೆ ನಿನಗೆ ನಾನು ಹೇಳಬೇಕೆ? ಕೈಯಾರೆ ಕೊಟ್ಟರೆ ಪಾತ್ರ ಬಿಟ್ಟುಕೊಟ್ಟಂತೆ.

ಮೇಷ್ಟ್ರು ಹೊಸ್ತಿಲಲ್ಲೇ ನಿಂತು ಅಂದರು: "ಮೇಕೆ ಕೂಗಿದ ಬಾಯಾಗೆ ಛಲದ ಮಾತು ಎಂಗ್ ಆಡ್ಸ್ಲವ್ವ? ತೊಡೆ ಮುರ್ದ್ರೂ ಜನ ನಗ್ತಾರೆ."

ನಾನು ಮಗ್ಗದಿಂದ ತಲೆ ಎತ್ತದೆ, ಕಿರೀಟ ಮನೆಯಲ್ಲಿಲ್ಲ, ಅಪ್ಪನೇ ಬೆಂಗಳೂರಿಗೆ ಒಯ್ದಿದ್ದಾನೆ ಅಂದೆ. ಅವರು ಹಣೆ ಚಚ್ಚಿಕೊಂಡರು. ನಾವು ಪೂಜೆ ಮಾಡಿ ತಲೆಗಿಡುವ ಕಿರೀಟವನ್ನು ಉಗ್ರಪ್ಪ ಕೋಳಿಗೆ ಇಡಲು ಒಯ್ದನೇ ಎಂದು ಬೀದಿಗೆಲ್ಲ ಕೇಳುವಂತೆ ಬೈದರು. ಅಮಾವಾಸ್ಯೆಗೆ ತಾಲೀಮು ಶುರು. ಅಷ್ಟರಲ್ಲಿ ನೀನು ಬರದಿದ್ದರೆ ಮಾರುತೇಶನಿಗೆ ಬಳ್ಳಾರಿಯಲ್ಲಿ ಹೊಸ ಕಿರೀಟ ಮಾಡಿಸುತ್ತಾರಂತೆ.

ಬರುವುದೂ ಬಿಡುವುದೂ ನಿನ್ನಿಷ್ಟ. ಬೇಡಿಕೊಳ್ಳುವುದು ನನ್ನಿಂದಾಗದು. ಎಮ್ಮೆಯೇ ಹೆಚ್ಚಾದರೆ ಅಲ್ಲೇ ಇರು.

ಇಂತಿ ನಿನ್ನ ಮಗಳು,
ಶಾಂತಕುಮಾರಿ

ಮರೆತಿದ್ದೆ: ಕಿರೀಟ ಅಟ್ಟದ ಮೇಲಿನ ಶೇಂಗಾ ಚೀಲದಲ್ಲಿದೆ. ಮೇಷ್ಟ್ರು ಬರುವ ಸುದ್ದಿ ತಿಳಿದೊಡನೆ ನಾನೂ ಅವ್ವನೂ ಸೇರಿ ಮುಚ್ಚಿಟ್ಟೆವು. ಚೀಲದ ಬಾಯಿ ಕಟ್ಟುವಾಗ ಅವ್ವ ಮೆಲ್ಲಗೆ ಮೇಕೆಯಂತೆ ಕೂಗಿದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇದನ್ನು ಮೇಷ್ಟ್ರಿಗೆ ಹೇಳಬೇಡ. ಅಮಾವಾಸ್ಯೆಗೆ ಮುಂಚೆ ಬಾ.