ಬಾತುಕೋಳಿ ಪೌಡರ್ ಸಿಗುತ್ತಿಲ್ಲ

ಗುರುವಾರ, ಮಧ್ಯಾಹ್ನ

ಊರೂರು ಸುತ್ತುವ ನನ್ನ ಯಜಮಾನರಿಗೆ,

ನಾವೆಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ಸದ್ಯಕ್ಕೆ ಮುಕ್ಕಾಲು ಪಾಲು ಕ್ಷೇಮ ಅಂತ ಇಟ್ಟುಕೊಳ್ಳಿ. ಹೋದ ವಾರವೇ ಬರೆಯಬೇಕೆಂದಿದ್ದೆ. ಕೂತಾಗಲೆಲ್ಲ ಒಂದೋ ಗುಬ್ಬಿ ಅಳುತ್ತಾಳೆ, ಇಲ್ಲ ನಾನೇ ಪೆನ್ನು ಹಿಡಿದುಕೊಂಡು ತೂಕಡಿಸುತ್ತೇನೆ. ತಡವಾಯಿತು, ಕೋಪ ಮಾಡಿಕೊಳ್ಳಬೇಡಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಈಚೆಗೆ ನೀವು ಸಿಗುವುದು "ಅಂಗಡೀಲಿದ್ದೀನಿ, ಆಮೇಲೆ ಮಾಡ್ತೀನಿ" ಅನ್ನುವಷ್ಟು ಹೊತ್ತು ಮಾತ್ರ. ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವನ್ನಾದರೆ ಅರ್ಧಕ್ಕೆ ಕಟ್ ಮಾಡಲಾರಿರಿ ಅಂತ ಲಾಡ್ಜಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಗುಬ್ಬಿ ಬೋರಲಾಗಲು ಕಲಿತಿದ್ದಾಳೆ. ಆದರೆ ವಾಪಸ್ ತಿರುಗುವುದು ಗೊತ್ತಿಲ್ಲ. ಅಲ್ಲೇ ಕೈಕಾಲು ಬಡಿದು ಕೂಗುತ್ತಾಳೆ. "ಥೇಟ್ ಅವರಪ್ಪ, ಹೋಗೋದು ಗೊತ್ತು, ಬರೋದು ಗೊತ್ತಿಲ್ಲ" ಅಂತಾರೆ ಅತ್ತೆ. ಅವರ ಮಂಡಿ ನೋವು ಹಾಗೇ ಇದೆ, ನಾಲಿಗೆ ಗಟ್ಟಿಮುಟ್ಟಾಗಿದೆ.

ಗುಬ್ಬಿಯ ಕೆಮ್ಮು ಮಾತ್ರ ಹೋಗಿಲ್ಲ. ಕಫವಿಲ್ಲ, ಜ್ವರವಿಲ್ಲ, ಒಣಕೆಮ್ಮು. ಸ್ನಾನವಾಗಿ ಬಟ್ಟೆ ಹಾಕಿದ ಮೇಲೆ ಶುರುವಾಗುತ್ತೆ. ಕೆಮ್ಮಿ ಕೆಮ್ಮಿ ಕೊನೆಗೆ ಉಸಿರೆಳೆಯುವಾಗ ಸಣ್ಣಗೆ ಒಂದು ಸದ್ದು ಬರುತ್ತೆ, ಒದ್ದೆ ಗಾಜಿನ ಮೇಲೆ ಬೆರಳೆಳೆದ ಹಾಗೆ. ಅದನ್ನು ಕೇಳಿಸಿಕೊಂಡ ಮೇಲೆ ನನಗೆಲ್ಲಿಯ ನಿದ್ದೆ. "ಕೂಸು ಅಂದ್ಮೇಲೆ ಕೆಮ್ಮುತ್ತೆ ಕಣೇ. ನೀನು ಓದಿದ್ದು ಜಾಸ್ತಿಯಾಗಿ, ಸೀನಿಗೂ ಒಂದು ರೋಗದ ಹೆಸರು ಹುಡುಕ್ತೀಯ" ಅಂತಾರೆ ಅತ್ತೆ.

ಈಗ ವಿಷಯಕ್ಕೆ ಬರುತ್ತೇನೆ, ನಗಬೇಡಿ. ಗುಬ್ಬಿಗೆ ಹಾಕುವ ಬಾತುಕೋಳಿ ಪೌಡರ್ ಎಲ್ಲೂ ಸಿಗುತ್ತಿಲ್ಲ. ನಿಮ್ಮದೇ ಕಂಪನಿಯ ಮಾಲು, ಅಂಗಡಿ ಅಂಗಡಿಗೆ ನೀವೇ ತಲುಪಿಸುವ ಡಬ್ಬಿ, ನಿಮ್ಮ ಹೆಂಡತಿಗೇ ಇಲ್ಲ. ಹಳೇ ಡಬ್ಬಿಯ ತಳ ತಟ್ಟಿ ತಟ್ಟಿ ಹಾಕುತ್ತಿದ್ದೆ. ಕತ್ತಿನ ಮಡಿಕೆಗೆ, ಕಂಕುಳಿಗೆ ಹಾಕಿ ಆ ವಾಸನೆ ಮೂಗಿಗೆ ಬಡಿದರೇನೇ ನಮ್ಮ ಮಹಾರಾಣಿಗೆ ಕಣ್ಣು ಮುಚ್ಚುವುದು.

ಮೂಲೆ ಅಂಗಡಿಯವರು ಮೊದಲು "ನಾಳೆ ಬರುತ್ತೆ ಮೇಡಂ" ಅಂದರು, ಆಮೇಲೆ "ಮುಂದಿನ ವಾರ" ಅಂದರು. ಈಗ ನಾನು ಮೆಟ್ಟಿಲು ಹತ್ತುವಾಗಲೇ ತಲೆ ಅಲ್ಲಾಡಿಸಿಬಿಡುತ್ತಾರೆ. ಮೆಡಿಕಲ್ ಶಾಪಿನವನು "ಬೇರೆ ಯಾವ್ದಾದ್ರೂ ತಗೊಳ್ಳಿ, ಅದನ್ನ ಮಾತ್ರ ಕೇಳ್ಬೇಡಿ" ಅಂದ. ಇಲ್ಲ ಅನ್ನಲಿಲ್ಲ ನೋಡಿ, ಕೇಳ್ಬೇಡಿ ಅಂದ.

ದೊಡ್ಡ ಅಂಗಡಿಗೂ ಹೋದೆ. ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಅಂತ ಹೊರಡಿಸಿಕೊಂಡು ಹೋಗಿ, ಅಲ್ಲಿ ಸೋಪು ಜೋಡಿಸುತ್ತಾ ನಿಂತಿದ್ದಿರಲ್ಲ, ಅದೇ ಅಂಗಡಿ. ಒಂದು ಮಾಲು ಖಾಲಿಯಾದರೆ ಪಕ್ಕದ್ದನ್ನು ಅಂಚಿಗೆ ಎಳೆದು ನಿಲ್ಲಿಸಬೇಕು, ಗಿರಾಕಿಯ ಕಣ್ಣಿಗೆ ಖಾಲಿ ಜಾಗ ಬೀಳಬಾರದು ಅಂತ ಅವತ್ತು ಪಾಠ ಮಾಡಿದ್ದಿರಿ. ಪೌಡರ್ ಇದ್ದ ಜಾಗದಲ್ಲಿ ಈಗ ಎಣ್ಣೆ ಬಾಟಲಿಗಳು ಸಾಲಾಗಿ ನಿಂತಿವೆ. ಹಿಂದಕ್ಕೆ ಕೈ ಹಾಕಿದೆ, ಗೋಡೆಯವರೆಗೂ ಖಾಲಿ. ಅದೇನೂ ಹೊಸದಲ್ಲ. ಆದರೆ ಅಂಚಿಗೆ ಅಂಟಿಸಿದ್ದ ಬಾತುಕೋಳಿಯ ಬೆಲೆಚೀಟಿಯನ್ನೂ ಕಿತ್ತಿದ್ದಾರೆ. ಮತ್ತೆ ಬರುವ ಮಾಲಾದರೆ ಚೀಟಿ ಕೀಳುವುದಿಲ್ಲ, ಅದು ಜಾಗ ಕಾಯುತ್ತೆ ಅಂತ ನೀವೇ ಹೇಳಿದ್ದು.

ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಸೋಮವಾರ ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿನ ಏಜೆನ್ಸಿಗೇ ಹೋದೆ, ನಿಮ್ಮ ಮಾಲೆಲ್ಲ ಮೊದಲು ಬಂದು ಇಳಿಯುವ ಗೋದಾಮಿಗೆ. ಬಾಗಿಲ ಪಕ್ಕದಲ್ಲೇ ಬಾತುಕೋಳಿ ಪೆಟ್ಟಿಗೆಗಳು ಎದೆಮಟ್ಟ ಇದ್ದವು, ಎಲ್ಲಕ್ಕೂ ಕೆಂಪು ಟೇಪು. ನಾನು ಇಂಥವರ ಮನೆಯವಳು ಅಂದೆ.

"ಇದು ವಾಪಸ್ ಹೋಗೋ ಮಾಲಮ್ಮ" ಅಂದರು ಏಜೆನ್ಸಿಯವರು.

"ಯಾಕೆ?"

"ಅದನ್ನ ನನ್ನ ಕೇಳ್ತೀರಾ? ನಿಮ್ಮನೇಲೇ ಇದಾರಲ್ಲ ಕೇಳೋಕೆ."

"ಮನೇಲಿದ್ರೆ ತಾನೆ" ಅಂದೆ. ಅವರು ನಗಲಿಲ್ಲ. ಗುಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. "ಈ ಮಗುಗೆ ಇದನ್ನೇ ಹಾಕೋದಾ? ಈಗ್ಲೂ?"

"ಹುಟ್ಟಿದಾಗಿಂದ ಇದೇ."

ಅವರ ಮುಖ ಸಡಿಲವಾಯಿತು. "ಹಂಗಾದ್ರೆ ಸುಮ್ನೆ ಹೆದರಿಸ್ತಿದಾರೆ ಬಿಡಿ, ಮಾಲು ಮಾರೋ ಕಂಪನಿ ರೆಪ್ ಹೆಂಡ್ತಿಗಿಂತ ಇನ್ನೇನು ಗ್ಯಾರಂಟಿ ಬೇಕು" ಅಂತ ತಾವೇ ಟೇಪು ಕತ್ತರಿಸಿ, ನನ್ನ ಚೀಲಕ್ಕೆ ತುಂಬುವಷ್ಟು ಡಬ್ಬಿ ಹಾಕಿದರು. ಯಾರು ಹೆದರಿಸುತ್ತಿದ್ದಾರೆ, ಏನಂತ ಹೆದರಿಸುತ್ತಿದ್ದಾರೆ ಅಂತ ನಾನು ಕೇಳಲೇ ಇಲ್ಲ. ಯುದ್ಧ ಗೆದ್ದವಳ ಹಾಗೆ ಆಟೋ ಹತ್ತಿದೆ.

ಮಾರನೆಯ ದಿನ ಮೇಲಿನ ಮನೆಯ ಟೈಲರ್ ಅಕ್ಕ ಇಳಿದು ಬಂದರು, ಎರಡು ಕೈಯಲ್ಲೂ ಬಾತುಕೋಳಿ ಡಬ್ಬಿ. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ. ಏಜೆನ್ಸಿಯವ್ರು ಕೇಳ್ದೋರಿಗೆಲ್ಲ ಕೊಡ್ತಿದಾರೆ. ರೆಪ್ ಹೆಂಡ್ತಿನೇ ಸ್ವಂತ ಮಗುಗೆ ಹಾಕ್ತಾಳೆ, ಏನೂ ಆಗಲ್ಲ ಅಂದ್ರು." ಅವರ ಮಗಳ ಬಾಣಂತನ ನಡೆಯುತ್ತಿದೆ, ಗೊತ್ತಲ್ಲ. ಆ ಕೂಸು ಇನ್ನೂ ಸರಿಯಾಗಿ ಕಣ್ಣು ಬಿಟ್ಟು ನೋಡುವುದಿಲ್ಲ. ಯಾರು ಹೆದರಿಸುತ್ತಿದ್ದಾರೆ ಅಂತ ಕೇಳದೆ ಬಂದದ್ದು ಆಗ ನೆನಪಾಯಿತು.

ಇವತ್ತು ಬೆಳಿಗ್ಗೆ ಗುಬ್ಬಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ತೆಗೆದರು, ಮತ್ತೆ ಇಟ್ಟರು. "ಯಾವ ಪೌಡರ್ ಹಾಕ್ತೀರಿ?" ಅಂದರು. ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಇವತ್ತಿಂದ ಬೇಡ. ಡಬ್ಬಿ ಎಸೀಬೇಡಿ, ನಂಗೆ ತಂದುಕೊಡಿ. ನಾಳೆ ಒಂದು ಎಕ್ಸ್‌ರೇ ತೆಗೆಸೋಣ." ಹೆದರುವಂಥದ್ದೇನಾದರೂ ಇದೆಯಾ ಅಂದೆ. ಮುಂದಿನ ಪೇಷೆಂಟನ್ನು ಕರೆದರು.

ಮನೆಗೆ ಬಂದವಳೇ ಮೇಲೆ ಹೋಗಿ ಟೈಲರ್ ಅಕ್ಕನ ಡಬ್ಬಿ ಎರಡನ್ನೂ ಎತ್ತಿಕೊಂಡು ಬಂದೆ. "ಕೊಡಿಸಿದೋಳೂ ನೀನೇ, ಕಿತ್ಕೊಳ್ಳೋಳೂ ನೀನೇ. ನಿದ್ದೆಗೆಟ್ಟು ತಲೆ ಕೆಟ್ಟಿದ್ಯಾ?" ಅಂದರು. ಯಾಕೆ ಬೇಡ ಅಂತ ಹೇಳಲು ನನ್ನ ಹತ್ತಿರ ಏನಿದೆ? ಏಜೆನ್ಸಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಇನ್ನೂ ಎಷ್ಟು ಮನೆಗೆ ನನ್ನ ಹೆಸರಿನಲ್ಲಿ ಹೋಯಿತೋ.

ರೀ, ಆ ಪೌಡರಿಗೆ ಏನಾಗಿದೆ? ಕಂಪನಿಯವರು ನಿಮ್ಮಂಥ ಓಡಾಡುವವರಿಗೆ ಎಲ್ಲದನ್ನೂ ಕೊನೆಗೆ ಹೇಳುವುದು ಅಂತ ನನಗೆ ಗೊತ್ತು. ನಿಮಗೂ ಹೇಳಿರಲಿಕ್ಕಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಯಾರನ್ನಾದರೂ ಹಿಡಿದು ತಿಳಿದುಕೊಳ್ಳಿ. ನಾನು ಗಾಬರಿಬುರುಕಿ ಅಂತ ನೀವು ತಮಾಷೆ ಮಾಡುತ್ತೀರಿ, ಮಾಡಿ. ಗಾಬರಿಯಾದರೂ ನನಗೆ ಕಾರಣ ಗೊತ್ತಿರಲಿ. ಮಗುವಿನ ಎದೆಯೊಳಗೆ ಏನು ಹೋಗಿದೆ ಅಂತ ಗೊತ್ತಾದರೆ ಡಾಕ್ಟರಿಗೂ ಹೇಳಬಹುದು, ಟೈಲರ್ ಅಕ್ಕನಿಗೂ ಹೇಳಬಹುದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬಿಸಿಲಲ್ಲಿ ಟೋಪಿ ಇಲ್ಲದೆ ಬೈಕ್ ಓಡಿಸಬೇಡಿ. ಅತ್ತೆ ನೂರ್ಕಾಲ ಬಾಳು ಅನ್ನುತ್ತಿದ್ದಾರೆ. ಗುಬ್ಬಿಯ ಕಡೆಯಿಂದ ಎರಡು ಒದೆ, ಒಂದು ಮುತ್ತು. ದೇವರು ನಿಮ್ಮನ್ನು ಸುಖವಾಗಿ ಮನೆ ಸೇರಿಸಲಿ.

ನಿಮ್ಮ,
ಗುಬ್ಬಿಯ ಅಮ್ಮ

ತಾ.ಕ.: ಕವರು ಅಂಟಿಸಬೇಕು ಅನ್ನುವಷ್ಟರಲ್ಲಿ ನಿಮ್ಮ ತಂಗಿಯ ಫೋನು ಬಂತು. "ಅತ್ತಿಗೆ, ಗುಬ್ಬಿಗೆ ಹೊಸ ಪೌಡರ್ ಒಗ್ಗಿತಾ? ನಮ್ಮ ಪಾಪುಗೆ ಯಾವ್ದೂ ಒಗ್ತಿಲ್ಲ. ಹೋದ ತಿಂಗಳು ಅಣ್ಣ ಗುಟ್ಟಾಗಿ ಹೇಳಿದ ದಿನಾನೇ ಬಾತುಕೋಳಿ ಡಬ್ಬಿ ಎಲ್ಲ ಎಸೆದುಬಿಟ್ಟೆ. ನಿಮಗಂತೂ ಮೊದಲೇ ಹೇಳಿರ್ತಾನೆ ಬಿಡಿ" ಅಂದಳು. ಹೂಂ, ಹೇಳಿದ್ರು ಅಂದೆ. ಇನ್ನೇನು ಅನ್ನಲಿ?

ಅವಳಿಗೆ ಹೇಳಿದ ಮೇಲೆ, ಹೋದ ತಿಂಗಳ ಕೊನೆಯ ಭಾನುವಾರ ನೀವು ಮನೆಯಲ್ಲಿದ್ದಿರಿ. ಗುಬ್ಬಿಗೆ ಸ್ನಾನ ಮಾಡಿಸಿ ಟವೆಲಿನ ಮೇಲೆ ಮಲಗಿಸಿ, ಆ ಡಬ್ಬಿ ಕೊಡಿ ಅಂದೆ. ಕೊಟ್ಟಿರಿ. ಕೊಟ್ಟು, ಹೋಗಿ ಕಿಟಕಿ ತೆಗೆದಿರಿ. ಸೆಕೆ ಅಂತ ಅಂದುಕೊಂಡಿದ್ದೆ ನಾನು.